ಕಾಲಿಗೆ ನೂಲು ತಾಕಿದರೆ

ನಮ್ಮ ಮನೆಯಲ್ಲಿ ಕೈಗೆ ಹೇಳಿಕೊಳ್ಳುವಂಥ ಕಟ್ಟುಪಾಡು ಯಾವುದೂ ಇರಲಿಲ್ಲ. ಇದ್ದದ್ದೆಲ್ಲ ಕಾಲಿಗೆ. ನೂಲಿಗೆ ಕಾಲು ತಾಕಬಾರದು. ತಾಕಿತೋ, ಅಲ್ಲೇ ಬಗ್ಗಿ ಆ ನೂಲನ್ನು ಬಲಗೈ ಬೆರಳಿನಿಂದ ಮುಟ್ಟಿ, ಬೆರಳನ್ನು ಎರಡು ಕಣ್ಣಿಗೂ ಒತ್ತಿಕೊಂಡ ಮೇಲೆಯೇ ಮುಂದಿನ ಹೆಜ್ಜೆ ಇಡಬೇಕು. ನೇಯುವವರ ಮನೆಯಲ್ಲಿ ನೂಲು ಬೀಳದ ಜಾಗ ಎಲ್ಲಿದೆ? ಹೊಸ್ತಿಲಲ್ಲಿ, ಒಲೆಯ ಮುಂದೆ, ಮಲಗುವ ಚಾಪೆಯ ಮೇಲೆ, ಒಮ್ಮೊಮ್ಮೆ ಊಟದ ರಾಗಿ ಕಳಿಯ ಒಳಗೂ ಒಂದು ಎಳೆ ಸಿಗುತ್ತಿತ್ತು. ಹೀಗಾಗಿ ನಾವು ದಿನವಿಡೀ ಬಗ್ಗುವುದು, ಏಳುವುದು. ಹೊರಗಿನವರು ನೋಡಿದ್ದರೆ ಇವರ ಮನೆಯವರಿಗೆಲ್ಲ ಕಣ್ಣುಬೇನೆ ಎಂದುಕೊಳ್ಳುತ್ತಿದ್ದರೇನೋ. ಈ ಕಾನೂನನ್ನು ಕಾಯುತ್ತಿದ್ದವಳು ಅಪ್ಪನ ತಾಯಿ, ನಮ್ಮ ಅಜ್ಜಿ. ಅವಳು ಬೀದಿ ಜಗುಲಿಯ ಕಂಬಕ್ಕೆ ಒರಗಿ ಎಲೆ ಅಡಿಕೆ ಮೆಲ್ಲುತ್ತ ಕೂತಿರುತ್ತಿದ್ದಳು. ಕಣ್ಣು ಮಂಜಾಗಿತ್ತು ಎಂದು ಅವಳೇ ಹೇಳುತ್ತಿದ್ದಳು. ಆದರೆ ನಾವು ಕಾಲು ಎಲ್ಲಿಟ್ಟೆವು ಎಂಬುದು ಮಾತ್ರ ಅವಳಿಗೆ ಚೆನ್ನಾಗಿ ಕಾಣುತ್ತಿತ್ತು.

ಮಡತ್ತುಕುಳಂ ಪಕ್ಕದಲ್ಲಿ, ಅಮರಾವತಿ ಹೊಳೆಯ ಕಾಲುವೆ ಹಾದುಹೋಗುವಲ್ಲಿ ನಮ್ಮ ಬೀದಿ. ಬೀದಿಯೊಳಗೆ ಕನ್ನಡ, ಬೀದಿ ದಾಟಿದರೆ ತಮಿಳು. ಜಗುಲಿ ದಾಟಿ ಒಳಗೆ ಬಂದರೆ ಮಗ್ಗದ ಕೋಣೆ, ಅದರ ಹಿಂದೆ ಅಡಿಗೆಮನೆ, ಅಷ್ಟೇ ಮನೆ. ಮಗ್ಗದ ಕೋಣೆಯಲ್ಲಿ ಎರಡು ಕುಣಿ. ನೇಯುವವನು ನೆಲದ ಮಟ್ಟಕ್ಕೆ ಕೂತು ಕಾಲನ್ನು ಕುಣಿಯೊಳಗೆ ಇಳಿಬಿಟ್ಟು, ಅಲ್ಲಿರುವ ಹಲಗೆಗಳನ್ನು ಒಂದಾದ ಮೇಲೊಂದು ತುಳಿಯಬೇಕು. ಅಪ್ಪ ಬೆಳಿಗ್ಗೆ ಕುಣಿಗೆ ಇಳಿಯುವ ಮುಂಚೆ ಮಗ್ಗವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಇಳಿದ ಮೇಲೆ ಊಟದ ಹೊತ್ತಿನವರೆಗೆ ಅವನ ಅರ್ಧ ದೇಹ ಮಾತ್ರ ನಮ್ಮದು, ಮಿಕ್ಕದ್ದು ಕುಣಿಯದು. ಅಮ್ಮ ಪಕ್ಕದಲ್ಲಿ ರಾಟೆ ತಿರುಗಿಸುತ್ತ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಎರಡನೆಯ ಕುಣಿ ಚಿಕ್ಕಪ್ಪನದು. ಅವನು ಕೊಯಮತ್ತೂರಿನ ಮಿಲ್ಲಿಗೆ ಹೋದ ಮೇಲೆ ಅದು ಖಾಲಿ ಬಿದ್ದಿತ್ತು.

ಚಿಕ್ಕಪ್ಪ ಒಂದು ಹಬ್ಬಕ್ಕೆ ಊರಿಗೆ ಬಂದಾಗ ಬೀದಿಯಲ್ಲಿ ನಮ್ಮ ಪಾವು ಹಾಸಿತ್ತು. ಪಾವು ಎಂದರೆ ನೇಯುವುದಕ್ಕೆ ಮೊದಲು ಬೀದಿಯುದ್ದಕ್ಕೆ ಬಿಗಿದು ಗಂಜಿ ಹಾಕುವ ನೂಲು. ಅದನ್ನು ಯಾರೂ ದಾಟುವುದಿಲ್ಲ. ಆಚೆ ಮನೆಯಲ್ಲಿ ಹೆರಿಗೆ ಆಗುತ್ತಿದ್ದರೂ ಸೂಲಗಿತ್ತಿ ಬೀದಿ ಸುತ್ತಿಯೇ ಬರಬೇಕು. ಚಿಕ್ಕಪ್ಪ ಚಪ್ಪಲಿ ಕಾಲಿನಲ್ಲೇ, ಯಾರೊಂದಿಗೋ ನಗುತ್ತ, ಅದನ್ನು ಗಟಾರ ದಾಟಿದ ಹಾಗೆ ದಾಟಿ ಬಂದ. ಬೇಕೆಂದು ಮಾಡಿದ್ದಲ್ಲ, ಅವನಿಗೆ ಅದು ಗೊತ್ತೂ ಆಗಲಿಲ್ಲ. ಅಪ್ಪನನ್ನು ಸುಟ್ಟದ್ದು ಅದೇ, ಗೊತ್ತಾಗಲಿಲ್ಲ ಎನ್ನುವುದು.

"ಇವ್ನು ಇನ್ಮೇಲೆ ನಮ್ಮವ್ನಲ್ಲ. ಮಿಲ್ಲೋನು," ಎಂದ. ಆಮೇಲೆ ತಮ್ಮನ ಹತ್ತಿರ ಮಾತಾಡಲಿಲ್ಲ.

ನನ್ನ ಕಥೆ ಶುರುವಾಗುವುದು ಒಂದು ಚೆಂಡಿನಿಂದ. ಬಟ್ಟೆ ಇಳಿಸಿದ ಮೇಲೆ ಮಗ್ಗದಲ್ಲಿ ಉಳಿಯುವ ಗೇಣುದ್ದದ ಚೂರುನೂಲು ಮೂಲೆಯಲ್ಲಿ ರಾಶಿ ಇರುತ್ತಿತ್ತು. ನಾನು ಅದನ್ನು ಬಿಗಿಯಾಗಿ ಸುತ್ತಿ, ಗಂಜಿಯಲ್ಲಿ ಅದ್ದಿ, ಮಾಡಿನ ಮೇಲೆ ಒಣಗಿಸಿದೆ. ಬೇಲದ ಹಣ್ಣಿನಷ್ಟು ಗಟ್ಟಿ ಚೆಂಡಾಯಿತು. ಸಂಜೆ ಬೀದಿ ಖಾಲಿಯಾದಾಗ ಹುಡುಗರೆಲ್ಲ ಸೇರಿ ಅದನ್ನು ಒದೆಯಲು ಹತ್ತಿದೆವು. ನಾನು ಒದ್ದದ್ದು ನೇರ ನಮ್ಮ ಜಗುಲಿಗೆ ಹೋಗಿ ಅಜ್ಜಿಯ ಮಡಿಲಲ್ಲಿ ಬಿತ್ತು. ಅವಳು ಅದನ್ನು ಹಿಸುಕಿ ನೋಡಿದಳು, ಮೂಸಿ ನೋಡಿದಳು.

"ಯಾರ್ಡಾ ಇದ್ನ ಒದ್ದಿದ್ದು?"

"ಅಜ್ಜೀ, ಅದು ಬ್ಯಾಡಾದ ನೂಲು..."

"ಬ್ಯಾಡಾದ ನೂಲು ಅಂತ ಒಂದು ಉಂಟೇನ್ಡಾ? ನೀನೂ ಎಷ್ಟೋ ದಿನ ಬ್ಯಾಡಾಗ್ತೀಯ. ನಿನ್ನ ಒದ್ದು ಬೀದೀಗೆ ಹಾಕ್ಲಾ?"

ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಚೆಂಡನ್ನು ಕುಡುಗೋಲಿನಿಂದ ಸೀಳಿ ನನ್ನ ಮುಂದೆ ಹಾಕಿ, ಒಂದೊಂದೇ ಎಳೆ ಬಿಡಿಸಿ ಒಂದೊಂದನ್ನೂ ಕಣ್ಣಿಗೊತ್ತಿಕೊಳ್ಳಲು ಕೂರಿಸಿದಳು. ಗೆಳೆಯರು ಎದುರು ಜಗುಲಿಯಲ್ಲಿ ಸಾಲಾಗಿ ಕೂತು ನೋಡಿದರು. ದೀಪ ಹಚ್ಚುವ ಹೊತ್ತಿಗೆ ನನ್ನ ರೆಪ್ಪೆಗಳು ಗಂಜಿಯಿಂದ ಅಂಟಿಕೊಂಡಿದ್ದವು. ಅವತ್ತು ನಾನು ಅಜ್ಜಿಯನ್ನು ದ್ವೇಷಿಸಿದೆ. ಆದರೆ ಅಂದಿನಿಂದ ಕಾಲಿಗೆ ನೂಲು ತಾಕಿದರೆ ನನ್ನ ಕೈ ನನ್ನನ್ನು ಕೇಳದೆ ತಾನೇ ಹೋಗುತ್ತಿತ್ತು.

ಕಾಲುವೆ ದಂಡೆ ಹಿಡಿದು ನಡೆದರೆ ಹೈಸ್ಕೂಲು. ಅಲ್ಲಿ ಪಟಾಳದಲ್ಲಿ ಸಿಪಾಯಿಯಾಗಿದ್ದು ಬಂದ ಡ್ರಿಲ್ ಮೇಷ್ಟರು ಒಬ್ಬರಿದ್ದರು, ತಮಿಳಿನಲ್ಲಿ ವಾತ್ಯಾರು. ಮೀಸೆ ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ಅವರು ನನ್ನನ್ನು ಓಟಕ್ಕೆ ಹಾಕಿದರು, ಎತ್ತರ ಜಿಗಿತಕ್ಕೆ ಹಾಕಿದರು, ಸಡುಗುಡು ಎನ್ನುವ ಕಬಡ್ಡಿ ಆಡಿಸಿದರು, ಬಾಲ್ ಬ್ಯಾಡ್ಮಿಂಟನ್ನಿನ ಬ್ಯಾಟು ಕೈಗೆ ಕೊಟ್ಟರು. ಪ್ರತಿಯೊಂದು ಆಟಕ್ಕೂ ಮನೆಯಲ್ಲಿ ಅಜ್ಜಿಯ ತೀರ್ಪು ಬೇಕಿತ್ತು. ಓಟಕ್ಕೆ ಅಡ್ಡಿಯಿಲ್ಲ. ಸಡುಗುಡುವಿನಲ್ಲಿ ಮೈಗೆ ಮಣ್ಣು, ಸ್ನಾನ ಮಾಡಿದರಾಯಿತು. ಜಿಗಿತಕ್ಕೆ ಕಟ್ಟುವ ಹಗ್ಗ ಏನು ಎಂದು ಕೇಳಿದಳು. ತೆಂಗಿನ ನಾರು ಎಂದೆ. ಹಾಗಾದರೆ ದಾಟು ಎಂದಳು. ಬ್ಯಾಡ್ಮಿಂಟನ್ನಿನ ಹಳದಿ ಚೆಂಡು ಉಣ್ಣೆಯ ದಾರದ್ದು. ಅದು ಕುರಿಯ ಕೂದಲು, ಅಲ್ಲದೆ ಹೊಡೆಯುವುದು ಕೈಯಿಂದ, ಇರಲಿ ಎಂದಳು. ಫುಟ್‌ಬಾಲಿನ ಸರದಿ ಬಂದಾಗ ನಾನು ಜಗುಲಿಯ ಕೆಳಗೇ ನಿಂತು ಚೆಂಡು ಚರ್ಮದ್ದು ಎಂದೆ. ಅಜ್ಜಿ ಬಾಯಲ್ಲಿದ್ದ ಎಲೆಯನ್ನು ದವಡೆಗೆ ಒತ್ತಿಕೊಂಡಳು.

"ತೊಗಲು ತಾನೇ? ಕಾಲು ತೊಳ್ಕೊಂಡು ಒಳೀಕೆ ಬಾ," ಎಂದಳು. ನೂಲಿನ ಚೆಂಡಿಗೆ ಅಷ್ಟು ಶಿಕ್ಷೆ ಕೊಟ್ಟವಳು ಚರ್ಮದ ಚೆಂಡನ್ನು ಅಷ್ಟು ಸುಲಭಕ್ಕೆ ಬಿಟ್ಟಳು.

ಬೇರೆ ಆಟಗಳಲ್ಲಿ ನಾನು ಗೆಲ್ಲುತ್ತಿದ್ದೆ, ಖುಷಿಯಾಗುತ್ತಿತ್ತು, ಮರೆಯುತ್ತಿದ್ದೆ. ಫುಟ್‌ಬಾಲು ಹಾಗಲ್ಲ. ಅದರ ಮೇಲೆ ನನಗಿದ್ದ ಆಸೆಯನ್ನು ಈಗ ಹೇಳಿಕೊಳ್ಳಲೂ ಒಂಥರಾ ನಾಚಿಕೆ. ಮನೆಯಲ್ಲಿ ಎಲ್ಲಿ ತಾಕುತ್ತದೋ ಎಂದು ಅಂಜಿ ಅಂಜಿ ಎತ್ತಿಡುತ್ತಿದ್ದ ಕಾಲು ಆ ಮೈದಾನದಲ್ಲಿ ಯಾರಿಗೂ ಹೆದರುತ್ತಿರಲಿಲ್ಲ. ಬರಿಗಾಲಲ್ಲೇ ಆಡುತ್ತಿದ್ದೆವು. ಚೆಂಡು ಹೆಬ್ಬೆರಳ ಬುಡಕ್ಕೆ ಸರಿಯಾಗಿ ಸಿಕ್ಕಾಗ ಬರುವ ಆ ದಪ್ಪನೆಯ ಸದ್ದು ನಿದ್ದೆಯಲ್ಲೂ ಕೇಳುತ್ತಿತ್ತು. ನಮ್ಮ ತಂಡದ ಬೆನ್ನೆಲುಬು ಪಳನಿಸಾಮಿ, ಕಾಲುವೆಯಾಚೆಯ ತೋಟದ ಗೌಂಡರ ಮಗ. ಅವನು ಹಿಂದಿನಿಂದ ಒದ್ದರೆ ನಾನು ಎಲ್ಲಿರುತ್ತೇನೆಂದು ನೋಡಬೇಕಾಗಿರಲಿಲ್ಲ.

ಆ ವರ್ಷದ ಕೊನೆಗೆ ನನ್ನನ್ನು ಸ್ಕೂಲು ಬಿಡಿಸಿ ಚಿಕ್ಕಪ್ಪನ ಕುಣಿಗೆ ಇಳಿಸುವುದೆಂದು ಅಪ್ಪ ತೀರ್ಮಾನಿಸಿದ್ದ. ಅದು ಗೊತ್ತಾಗಿ ಡ್ರಿಲ್ ವಾತ್ಯಾರು ಮನೆಗೇ ಬಂದರು. ಕೊಯಮತ್ತೂರಿನ ಒಂದು ಸ್ಕೂಲಿನವರು ಆಟದಲ್ಲಿ ಮುಂದಿರುವ ಹುಡುಗರನ್ನು ಹಾಸ್ಟೆಲಿನಲ್ಲಿಟ್ಟು ಓದಿಸುತ್ತಾರೆ, ಪೊಳ್ಳಾಚಿಯಲ್ಲಿ ನಡೆಯುವ ಪಂದ್ಯ ನೋಡಲು ಅಲ್ಲಿಯ ಮೇಷ್ಟರು ಬರುತ್ತಾರೆ, ಒಮ್ಮೆ ಆಡಲು ಬಿಡಿ ಎಂದರು. "ಪಯ್ಯನ್ ಕಾಲು ತಂಗಂ," ಎಂದು ನನ್ನ ಕಾಲನ್ನು ಚಿನ್ನವೆಂದು ಹೊಗಳಿದರು. ಅಪ್ಪ ಕುಣಿಯಿಂದ ಏಳದೆ ಕೇಳಿಸಿಕೊಂಡ. ಅವರು ಹೋದ ಮೇಲೆ ಊಟಕ್ಕೆ ಕೂತಾಗ ಮನೆ ಕುದಿಯಿತು.

"ಕೊಯಮತ್ತೂರಿಗೆ ಒಬ್ಬನ್ನ ಕಳ್ಸಿ ನೋಡಿದ್ದು ಸಾಲ್ದಾ?" ಎಂದ ಅಪ್ಪ.

"ಅವ್ನು ಮಿಲ್ಲಿಗೆ ಹೋದ. ಇದು ಓದೋಕೆ," ಎಂದಳು ಅಮ್ಮ. ಕಳಿಯ ಮುದ್ದೆಯನ್ನು ಅವನ ತಟ್ಟೆಗೆ ಸ್ವಲ್ಪ ಜೋರಾಗಿಯೇ ಹಾಕಿದಳು.

"ಎಲ್ಲಿಗಾದ್ರೇನು? ಈ ಬೀದಿ ದಾಟ್ದೋನು ಇದ್ನೆಲ್ಲ ಮರೀತಾನೆ. ನಾಳೆ ಇವ್ನೂ ಬಂದು ಪಾವು ದಾಟ್ತಾನೆ. ನಾನು ಅದ್ನೂ ನೋಡ್ಬೇಕಾ?"

"ನಾನು ದಾಟಲ್ಲಪ್ಪಾ," ಎಂದೆ.

"ಹಂಗೇ ಅಂತ ಅವ್ನೂ ಹೇಳಿದ್ದ."

ಕೊನೆಗೆ ಅಪ್ಪ ಅಜ್ಜಿಯ ಮುಖ ನೋಡಿ, ಒಂದೇ ಒಂದು ಆಟ, ಅವರು ಕರೆದರೆ ಯೋಚನೆ ಮಾಡುವಾ, ಕರೆಯದಿದ್ದರೆ ಈ ಮಾತು ಮನೆಯಲ್ಲಿ ಏಳಕೂಡದು ಎಂದ. ಅಂದಿನಿಂದ ಮಗ್ಗದ ಕೋಣೆ ದಾಟುವಾಗಲೆಲ್ಲ ಆ ಖಾಲಿ ಕುಣಿಯನ್ನು ನೋಡದೆ ದಾಟಲು ಕಲಿತೆ.

ಪಂದ್ಯದ ದಿನವೇ ನಮ್ಮ ಪಾವಿನ ಸರದಿ ಬಂತು. ಬೀದಿ ಎಲ್ಲರದು, ಸರದಿ ತಪ್ಪಿಸುವಂತಿಲ್ಲ. ನಸುಕಿನಲ್ಲೇ ಬಿದಿರಿನ ಕತ್ತರಿಗಾಲುಗಳನ್ನು ನಿಲ್ಲಿಸಿ ನೂಲು ಬಿಗಿದೆವು. ಅಪ್ಪ ಒಂದು ಕಡೆ, ಅಮ್ಮ ಒಂದು ಕಡೆ, ಗಂಜಿ ಕುಂಚ ಎಳೆಯುತ್ತ ಹೋದರು. ಕಡಿದ ಎಳೆಯನ್ನು ಕೂಡಿಸುವುದು ನನ್ನ ಕೆಲಸ. ಬಿಸಿಲೇರುವ ಮುಂಚೆ ಮುಗಿಯಬೇಕಾದದ್ದು ಮುಗಿಯಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಪಾಲಕ್ಕಾಡಿನ ಕಡೆಯಿಂದ ಗಾಳಿ ಎದ್ದಿತು. ಇಲ್ಲಿ ಕೂಡಿಸಿದರೆ ಅಲ್ಲಿ ಕಡಿಯುತ್ತಿತ್ತು. ನಾನು ಈ ತುದಿಯಿಂದ ಆ ತುದಿಗೆ ಓಡುತ್ತಿದ್ದೆ. ಬೆರಳು ಗಂಜಿಯಲ್ಲಿ ಜಾರುತ್ತಿತ್ತು. ಮುಗಿಯದೆ ಹೋಗು ಎನ್ನುವವನಲ್ಲ ಅಪ್ಪ. ಬಾಯಿ ಬಿಟ್ಟು ಕೇಳಲು ನನಗೆ ಧೈರ್ಯವಿಲ್ಲ. ಪಾವಿನ ಆಚೆ ಬದಿಯಲ್ಲಿ ಪಳನಿಸಾಮಿ ಬಂದು ನಿಂತು ಸ್ಟೇಷನ್ನಿನ ಕಡೆ ಕೈ ತೋರಿಸತೊಡಗಿದ. ನನಗೆ ಅಳು ಬರುವ ಹಾಗಾಯಿತು.

ಆಗ ಅಮ್ಮ ಕುಂಚವನ್ನು ಜಗುಲಿಯ ಮೇಲಿಟ್ಟು ಬಂದು ನನ್ನ ಕೈಯಲ್ಲಿದ್ದ ಎಳೆಯನ್ನು ತೆಗೆದುಕೊಂಡಳು.

"ನೀ ಹೊರಡು," ಎಂದಳು. ಅಪ್ಪನ ಕಡೆ ನೋಡಲಿಲ್ಲ.

ಅಪ್ಪ ನೋಡಿದ. ನೋಡಿ, ಕುಂಚವನ್ನು ಮತ್ತೆ ಗಂಜಿಗೆ ಅದ್ದಿದ. ಅಷ್ಟರಲ್ಲಿ ರೈಲು ಕೂಗಿತು. ಪಳನಿಸಾಮಿ ನಿಂತಿದ್ದದ್ದು ನನ್ನ ಎದುರಿಗೇ, ನಡುವೆ ಸೊಂಟದೆತ್ತರದ ಪಾವು. ಸ್ಕೂಲಿನಲ್ಲಿ ಎತ್ತರ ಜಿಗಿತದಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ನಾನು ಬೀದಿಯ ತುದಿಯವರೆಗೆ ಓಡಿ, ಪಾವನ್ನು ಪೂರ್ತಿ ಸುತ್ತಿ, ಅತ್ತ ಬದಿಯಲ್ಲಿ ಮತ್ತೆ ವಾಪಸು ಓಡಿ ಅವನನ್ನು ಸೇರಿದೆ. ರೈಲು ಹೊರಟಾಗ ಇಬ್ಬರೂ ಬಾಗಿಲಿನ ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದೆವು.

ಪೊಳ್ಳಾಚಿಯಲ್ಲಿ ನಾವು ಆಡಿದ್ದು ವಾಲ್ಪಾರೈ ಬೆಟ್ಟದ ತೋಟದ ದೊರೆಗಳು ಬಿಡುವಿನಲ್ಲಿ ಇಳಿದು ಬಂದು ಆಡುತ್ತಿದ್ದ ಮೈದಾನದಲ್ಲಿ. ಹುಲ್ಲು ಇತ್ತು. ನಮ್ಮ ಸ್ಕೂಲಿನಲ್ಲಿ ಗೋಲೆಂದರೆ ಎರಡು ಸರ್ವೆ ಕಂಬ, ಅಷ್ಟೇ. ಇಲ್ಲಿ ಕಂಬಗಳ ಹಿಂದೆ ಬಲೆ ಕಟ್ಟಿದ್ದರು. ಬಿಳಿಯ ಹತ್ತಿಯ ಹುರಿಯಲ್ಲಿ ಹೆಣೆದದ್ದು, ಕೆಳಗಿನ ಅಂಚು ನೆಲದ ಮೇಲೆ ಸೀರೆಯ ಸೆರಗಿನಂತೆ ಹರಡಿತ್ತು. ನಾನು ಗೋಲಿಗೆ ಬಲೆ ಕಂಡದ್ದು ಅವತ್ತೇ ಮೊದಲು. ಚೆನ್ನಾಗಿದೆ ಎಂದುಕೊಂಡೆನೇ ಹೊರತು ಬೇರೆ ಯೋಚನೆ ಬರಲಿಲ್ಲ. ಕೊಯಮತ್ತೂರಿನ ಮೇಷ್ಟರು ಕೊಡೆ ಊರಿಕೊಂಡು ಗೆರೆಯ ಹತ್ತಿರ ನಿಂತಿದ್ದರು.

ಎದುರಾಳಿಗಳು ಒಂದು ಗೋಲು ಮುಂದಿದ್ದರು. ಇನ್ನೇನು ಮುಗಿಯಬೇಕು, ಆಗ ಪಳನಿಸಾಮಿ ಹಿಂದಿನಿಂದ ಎತ್ತಿ ಒದ್ದ. ಚೆಂಡು ನನ್ನ ಮುಂದೆಯೇ ಬಿತ್ತು. ಅಡ್ಡ ಬಂದವರನ್ನು ದಾಟಿದೆ. ಒದ್ದೆ. ಗೋಲು ಕಾಯುವವನು ಎದೆಕೊಟ್ಟು ತಡೆದು ಹಿಂದಕ್ಕೆ ಬಿದ್ದ. ಓಡಿದ ರಭಸಕ್ಕೆ ನಾನು ಗೋಲಿನ ಒಳಕ್ಕೇ ಹೋಗಿಬಿಟ್ಟಿದ್ದೆ. ತಿರುಗಿ ನೋಡಿದರೆ ಚೆಂಡು ಗೆರೆಯ ಮೇಲೆ, ನನ್ನಿಂದ ಒಂದು ಹೆಜ್ಜೆ ದೂರದಲ್ಲಿ, ಯಾರೂ ಇಲ್ಲದೆ ನಿಂತಿದೆ. ಕಾಲು ಚಾಚಿ ಎಳೆದುಕೊಂಡರೆ ಸಾಕು. ಚಾಚಿದ ಕಾಲು ಬಲೆಯಲ್ಲಿ ಸಿಕ್ಕಿತು. ಹೆಬ್ಬೆರಳಿಗೆ ಹತ್ತಿಯ ಹುರಿ ತಾಕಿತು. ನಾನು ಬಗ್ಗಿದೆ. ಹುರಿಯನ್ನು ಮುಟ್ಟಿದೆ. ಬೆರಳನ್ನು ಕಣ್ಣಿಗೆ ಒತ್ತಿಕೊಂಡೆ, ಬಲಗಣ್ಣಿಗೆ, ಆಮೇಲೆ ಎಡಗಣ್ಣಿಗೆ. ಕಣ್ಣು ಬಿಟ್ಟಾಗ ಎದುರಾಳಿಯೊಬ್ಬ ಒದ್ದ ಚೆಂಡು ಮೈದಾನದ ನಡುವೆ ಹಾರುತ್ತಿತ್ತು. ಆಟ ಮುಗಿಯಿತೆಂದು ವಿಸಿಲ್ ಊದಿದರು.

ವಾತ್ಯಾರು ಗೆರೆ ದಾಟಿ ಓಡಿ ಬಂದರು. "ಸಾಮಿ ಕುಂಬಿಡ್ರ ನೇರಮಾಡಾ ಅದು?" ಎಂದು, ದೇವರಿಗೆ ಕೈಮುಗಿಯುವ ಹೊತ್ತೇನೋ ಅದು ಎಂದು, ಎಲ್ಲರ ಮುಂದೆ ಕೂಗಿದರು. ನಮ್ಮ ಮನೆಯ ಆ ಕಾನೂನನ್ನು ನಾನು ಯಾವತ್ತೂ ತಮಿಳಿನಲ್ಲಿ ಹೇಳಿರಲಿಲ್ಲ. ಕೊಡೆಯ ಮೇಷ್ಟರು ಪಕ್ಕದವರಿಗೆ ಏನೋ ಹೇಳಿ ನಕ್ಕು ಹೊರಟುಹೋದರು. ಪಳನಿಸಾಮಿ ರೈಲಿನಲ್ಲಿ ನನ್ನ ಪಕ್ಕ ಕೂರಲಿಲ್ಲ. ಸಂಜೆ ನಮ್ಮ ಮನೆ ಬಾಗಿಲವರೆಗೆ ಬಂದು, ಜಗುಲಿಯಲ್ಲಿದ್ದ ಅಜ್ಜಿಗೆ ಕೈ ಆಡಿಸಿ ಆಡಿಸಿ ಎಲ್ಲವನ್ನೂ ತಮಿಳಿನಲ್ಲಿ ಒಪ್ಪಿಸಿ, ಬಗ್ಗಿ ಕಣ್ಣಿಗೊತ್ತಿಕೊಂಡದ್ದನ್ನೂ ಆಡಿ ತೋರಿಸಿ ಹೋದ. ಒಳಗೆ ಮಗ್ಗದ ಸದ್ದು ನಿಂತಿತು.

ಊಟದ ಹೊತ್ತಿಗೆ ಅಪ್ಪ ಕೇಳಿದ.

"ನಿಜವೇನ್ಡಾ?"

"ಹೂಂ."

"ಯಾರಾದ್ರೂ ನೆಪ್ಪು ಮಾಡಿದ್ರಾ? ಇಲ್ಲ ನೀನೇ ಬಗ್ಗಿದ್ಯಾ?"

"ಯಾರೂ ಇಲ್ಲ. ಕೈ ತಾನೇ ಹೋಯ್ತು."

"ಅಷ್ಟು ಜನದ ಮುಂದೆ?"

ನಾನು ತಲೆ ಬಗ್ಗಿಸಿದೆ. ಅಪ್ಪ ಊಟ ಅರ್ಧಕ್ಕೇ ಬಿಟ್ಟು, ಕೈ ತೊಳೆದು, ಚಿಕ್ಕಪ್ಪನ ಕುಣಿಯ ಅಂಚಿನಲ್ಲಿ ಹೋಗಿ ಕೂತ. ಅಲ್ಲಿಂದ ಏಳಲೇ ಇಲ್ಲ. ನಾಳೆ ನನ್ನನ್ನು ಅಲ್ಲಿ ಇಳಿಸುವುದಕ್ಕೆ ಅಳತೆ ನೋಡುತ್ತಿದ್ದಾನೆ ಎಂದುಕೊಂಡೆ. ನನಗೆ ಸೋತ ದುಃಖಕ್ಕಿಂತ ನನ್ನ ಕೈಯ ಮೇಲೇ ಕೋಪ ಬಂದಿತ್ತು. ಅದನ್ನು ಗೋಡೆಗೆ ಗುದ್ದಿಕೊಂಡೆ.

ಬೆಳಿಗ್ಗೆ ಎದ್ದಾಗ ಅಪ್ಪ ಕುಣಿಯಲ್ಲಿರಲಿಲ್ಲ. ಹಬ್ಬಕ್ಕೆ ಮಾತ್ರ ಹಾಕುವ ಅಂಗಿ ಹಾಕಿಕೊಂಡು ಜಗುಲಿಯ ಕೆಳಗೆ ನಿಂತಿದ್ದ. "ಬಾ," ಎಂದ, ಅಷ್ಟೇ. ಕಾಲುವೆ ದಂಡೆಯ ಮೇಲೆ ಅವನು ಮುಂದೆ, ನಾನು ಹಿಂದೆ. ಸ್ಕೂಲಿನಿಂದ ಹೆಸರು ತೆಗೆಸಲು ಹೋಗುತ್ತಿದ್ದಾನೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಡ್ರಿಲ್ ವಾತ್ಯಾರು ಮೈದಾನದಲ್ಲಿ ಹುಡುಗರನ್ನು ಸಾಲು ನಿಲ್ಲಿಸುತ್ತಿದ್ದರು. ಅಪ್ಪ ಅವರ ಮುಂದೆ ನಿಂತು, ತನಗೆ ಬರುವ ತಮಿಳಿನಲ್ಲಿ, ತಡವರಿಸುತ್ತ ಹೇಳಿದ್ದು ಇಷ್ಟು. ಅಯ್ಯಾ, ಹುಡುಗನ ಕಾಲಿನ ತಪ್ಪಿಲ್ಲ. ನಮ್ಮ ಮನೆಯಲ್ಲಿ ನೂಲಿಗೆ ಕಾಲು ತಾಕಿದರೆ ಹಾಗೆ ಮಾಡಬೇಕು. ನಾವು ಕಲಿಸಿದ್ದನ್ನು ಅವನು ಮಾಡಿದ. ಸೋತದ್ದು ನಮ್ಮಿಂದ. ಅವನನ್ನು ಕೈಬಿಡಬೇಡಿ.

ಅಪ್ಪ ಒಬ್ಬರ ಹತ್ತಿರ ಹಾಗೆ ಕೈಕಟ್ಟಿ ಬೇಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ವಾತ್ಯಾರು ಮೀಸೆ ತೀಡಿದರು. ಬರುವ ಭಾನುವಾರ ಕೊಯಮತ್ತೂರಿನಲ್ಲಿ ಬೇರೆ ಊರಿನ ಹುಡುಗರನ್ನೂ ಆಡಿಸಿ ನೋಡುತ್ತಾರೆ, ಇವನನ್ನೂ ಕರೆದೊಯ್ಯಬಹುದು, ಆದರೆ ಅಲ್ಲಿಯೂ ಬಲೆ ಇದೆ, ಮತ್ತೆ ಹೀಗೇ ಮಾಡಿದರೆ ನನ್ನ ಮುಖ ಎಲ್ಲಿಡಲಿ ಎಂದರು. ಅಪ್ಪ ನನ್ನ ಕಡೆ ತಿರುಗಿದ.

"ಮಾಡ್ತೀಯೇನ್ಡಾ?"

ಇಲ್ಲ ಎಂದಿದ್ದರೆ ಕೆಲಸ ಸುಲಭವಾಗುತ್ತಿತ್ತು. ನಾನು ಅಪ್ಪನ ಅಂಗಿಯ ಗುಂಡಿ ನೋಡುತ್ತ ನಿಂತೆ.

"ಮಾಡ್ಬುಡ್ತೀನಪ್ಪಾ. ನನ್ಗೇ ಗೊತ್ತಾಗಲ್ಲ."

ವಾತ್ಯಾರು ಹಣೆ ಚಚ್ಚಿಕೊಂಡರು. ಅಪ್ಪನ ಮುಖದಲ್ಲಿ ಮಾತ್ರ, ಸುಳ್ಳಲ್ಲ, ಒಂದು ಬಗೆಯ ಸಮಾಧಾನ ಕಂಡಿತು. ಮನೆಯಲ್ಲಿ ಕೇಳಬೇಕಾದವರು ಒಬ್ಬರಿದ್ದಾರೆ, ಕೇಳಿಕೊಂಡು ಬರುತ್ತೇವೆ ಎಂದು ನನ್ನನ್ನು ವಾಪಸು ಕರೆತಂದ.

ಅಜ್ಜಿ ಕಂಬಕ್ಕೆ ಒರಗಿ ಎಲ್ಲವನ್ನೂ ಕೇಳಿಸಿಕೊಂಡಳು. ಬಲೆಯ ಹುರಿ ಹತ್ತಿಯದೇ ಹೌದೇ ಎಂದು ಎರಡು ಸಲ ಕೇಳಿದಳು. ಅವಳು ಬೇಡ ಎಂದರೆ ಅಪ್ಪನೂ ಮೀರುವವನಲ್ಲ. ಎಲೆಯ ರಸ ಉಗುಳಿ ಬಂದು ಮತ್ತೆ ಕೂತಳು.

"ನಿಮ್ಮಪ್ಪ ಬೆಳಿಗ್ಗೆ ಕುಣೀಗೆ ಇಳಿಯೋವಾಗ ಏನು ಮಾಡ್ತಾನೆ?"

"ಮಗ್ಗ ಮುಟ್ಟಿ ಕಣ್ಣಿಗೊತ್ಕೋತಾನೆ."

"ಆಮೇಲೆ ಕುಣೀಲಿ ಬಿದ್ದಿರೋ ನೂಲು ಕಾಲಿಗೆ ತಾಕಲ್ವಾ?"

"ತಾಕ್ತದೆ."

"ತಾಕ್ದಂಗೆಲ್ಲ ಎದ್ದು ಎದ್ದು ಕಣ್ಣಿಗೊತ್ಕೋತಾ ಕೂತ್ರೆ ಸೀರೆ ನೇಯೋರು ಯಾರು? ಮುಂಚೇನೇ ಕೇಳ್ಕೊಂಡ್ರೆ ಆ ದಿನಕ್ಕೆಲ್ಲ ಆಯ್ತು. ಆಟಕ್ಕೆ ಮುಂಚೆ ಹೋಗಿ ಬಲೇನ ಮುಟ್ಟಿ ಕೇಳ್ಕೋ. ಆಮೇಲೆ ಎಷ್ಟು ಬೇಕೋ ಒದಿ."

ಅಷ್ಟು ಸಣ್ಣ ಮಾತು. ಅದನ್ನು ಮೊದಲೇ ಹೇಳಬಾರದಿತ್ತೇ ಎಂದು ನನಗೆ ಅಜ್ಜಿಯ ಮೇಲೆ ಸಿಟ್ಟೂ ಬಂತು, ಅವಳನ್ನು ಅಪ್ಪಿಕೊಳ್ಳಬೇಕೆಂದೂ ಅನ್ನಿಸಿತು. ಆಮೇಲಿನದನ್ನು ಈಗಲೇ ಹೇಳಿಬಿಡುತ್ತೇನೆ: ಕೊಯಮತ್ತೂರಿನವರು ನನ್ನನ್ನು ತೆಗೆದುಕೊಂಡರು. ನಾನು ಹೊರಡುವ ವಾರ ಅಪ್ಪ ಚಿಕ್ಕಪ್ಪನ ಕುಣಿಗೆ ಮಾವಿನ ಹಲಗೆ ಹಾಕಿ ಮುಚ್ಚಿದ. ರಜೆಗೆ ಬಂದಾಗ ನಾನು ಮಲಗುತ್ತಿದ್ದದ್ದು ಅದರ ಮೇಲೆ. ಮುಂದೆ ಎಷ್ಟೋ ಊರುಗಳಲ್ಲಿ ಆಡಿದೆ. ಆಟ ಶುರುವಾಗುವ ಮುಂಚೆ ನಾನು ಗೋಲಿನ ಬಲೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದನ್ನು ಕಂಡವರು ಗೆಲ್ಲಲು ಬೇಡಿಕೊಳ್ಳುತ್ತಿದ್ದಾನೆ ಎಂದುಕೊಂಡರು. ನಾನು ತಿದ್ದಲು ಹೋಗಲಿಲ್ಲ.

ಆ ಭಾನುವಾರ ಅಪ್ಪನೂ ನನ್ನ ಜೊತೆ ಬಂದಿದ್ದ. ಅದೇ ಹಬ್ಬದ ಅಂಗಿ. ಅವನು ಫುಟ್‌ಬಾಲು ನೋಡಿದ್ದು ಅದೇ ಮೊದಲು. ನಾನು ನಮ್ಮೆದುರಿನ ಗೋಲಿಗೆ ಹೋಗಿ, ಬಗ್ಗಿ, ಬಲೆಯ ಅಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಬಂದು ನನ್ನ ಜಾಗದಲ್ಲಿ ನಿಂತೆ. ಕೊಡೆಯ ಮೇಷ್ಟರು ವಿಸಿಲ್ ಬಾಯಿಗಿಟ್ಟವರು ಊದದೆ ನನ್ನ ಬೆನ್ನ ಹಿಂದೆ ನೋಡುತ್ತ ನಿಂತರು. ನಾನೂ ತಿರುಗಿ ನೋಡಿದೆ. ಗೆರೆಯಾಚೆ ಕೂತಿದ್ದ ಅಪ್ಪ ಎದ್ದು, ಅಷ್ಟು ಜನರ ನಡುವೆ, ಯಾರ ಮುಖವನ್ನೂ ನೋಡದೆ ಇನ್ನೊಂದು ಗೋಲಿನ ಕಡೆ ನಡೆಯುತ್ತಿದ್ದ. ಅರ್ಧ ಆಟದ ಮೇಲೆ ಬದಿ ಬದಲಾಗಿ ನಾನು ಒದೆಯಬೇಕಾದ ಆ ಬಲೆಯನ್ನು ಮರೆತಿದ್ದೆ. ಅವನು ಅಲ್ಲಿ ಬಗ್ಗಿ ಅದನ್ನು ಮುಟ್ಟಿ, ನನ್ನ ಕಾಲಿನ ಸಲುವಾಗಿ, ತನ್ನ ಎರಡು ಕಣ್ಣಿಗೂ ಒತ್ತಿಕೊಂಡ.